ಬೇಲಿ ಹಾರುವ ಕುದುರೆ, ಮುಗ್ಗರಿಸುವ ಭವಿಷ್ಯವಾಣಿ

ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ 2025ರ ಮಾರ್ಚ್ 11ರಂದು ನಡೆದ ಏಳು ಕುದುರೆಗಳ ಒಂದು ಪಂದ್ಯ, ರೇಸ್ ಭವಿಷ್ಯ ನುಡಿಯುವುದನ್ನೇ ವೃತ್ತಿಯಾಗಿಸಿಕೊಂಡವರನ್ನು ಭಾರಿ ಪೇಚಿಗೆ ಸಿಲುಕಿಸಿತು. ಚಾಂಪಿಯನ್ ಹರ್ಡಲ್ ಎಂಬ ಆ ಪ್ರತಿಷ್ಠಿತ ಪಂದ್ಯಕ್ಕೆ ಇಳಿದಿದ್ದ ಕಾನ್‌ಸ್ಟಿಟ್ಯೂಷನ್ ಹಿಲ್, ಅದುವರೆಗೆ ಅಡೆತಡೆಗಳ ಮೇಲೆ ಓಡಿದ ಹತ್ತು ಬಾರಿಯೂ ಗೆದ್ದಿತ್ತು. ಅದು ಸೋಲುವ ಮಾತನ್ನು ಬಾಯಿಬಿಟ್ಟು ಆಡಲು ಹೆಚ್ಚಿನವರು ಸಿದ್ಧರಿರಲಿಲ್ಲ. ಐದನೆಯ ಹರ್ಡಲ್ ಬಳಿ ಅದು ನೆಲಕ್ಕುರುಳಿತು. ಹಿಂದಿನ ವರ್ಷದ ವಿಜೇತ ಸ್ಟೇಟ್ ಮ್ಯಾನ್ ಮುನ್ನಡೆ ಸಾಧಿಸಿ, ಇನ್ನೇನು ಗೆದ್ದಂತೆಯೇ ಎನ್ನುವಷ್ಟರಲ್ಲಿ ಕಟ್ಟಕಡೆಯ ಹರ್ಡಲ್‌ನಲ್ಲಿ ಬಿತ್ತು. ಒಂದಕ್ಕೆ 25ರ ದರದಲ್ಲಿದ್ದ ಗೋಲ್ಡನ್ ಏಸ್ ಎಂಬ ಹೆಣ್ಣು ಕುದುರೆ ಗೆಲುವಿನ ಕಂಬ ದಾಟಿತು.

ಆ ದಿನದ ಇಡೀ ಪಟ್ಟಿಯನ್ನು ಮುಂದಿಟ್ಟುಕೊಂಡರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಂದಿನ ಏಳು ಪಂದ್ಯಗಳ ಪೈಕಿ ನಾಲ್ಕರಲ್ಲಿ ಒಂದೊಂದು ಕುದುರೆಯ ಗೆಲುವು ಎಷ್ಟು ಖಚಿತವೆಂದು ಎಣಿಸಲಾಗಿತ್ತೆಂದರೆ, ಅದರ ಮೇಲೆ ನೂರು ಕಟ್ಟಿದವನಿಗೆ ಗೆದ್ದರೂ ನೂರಕ್ಕಿಂತ ಕಡಿಮೆ ಲಾಭ. ಕೋಪೆಕ್ ದೆ ಬೋರ್ದ್ ಗೆದ್ದಿತು, ಲಾಸಿಮೌತ್ ಗೆದ್ದಿತು. ಮಜ್‌ಬರೋ ಒಂದು ಬೇಲಿಯಲ್ಲಿ ಎಡವಿ ಮೂರನೆಯ ಸ್ಥಾನಕ್ಕಿಳಿಯಿತು. ಆ ಪಂದ್ಯ ಜ್ಯಾಂಗೊ ಬೇ ಪಾಲಾಯಿತು. ಕಾನ್‌ಸ್ಟಿಟ್ಯೂಷನ್ ಹಿಲ್ ಕಥೆ ಮೇಲೆ ಹೇಳಿದ್ದೇ. ನಾಲ್ಕರಲ್ಲಿ ಎರಡು ಗೆದ್ದವು. ಇದನ್ನು ಪವಾಡವೆಂದು ಕರೆದ ಮಾಧ್ಯಮಗಳಿಗೆ ಕೊರತೆಯಿರಲಿಲ್ಲ. ಆದರೆ ಪ್ರಾಥಮಿಕ ಗಣಿತವೇ ಬೇರೆ ಹೇಳುತ್ತದೆ. ನಾಲ್ಕು ಕುದುರೆಗಳಲ್ಲಿ ಪ್ರತಿಯೊಂದಕ್ಕೂ ಗೆಲ್ಲುವ ಸಾಧ್ಯತೆ ಶೇ. 60 ಇದೆಯೆಂದೇ ಇಟ್ಟುಕೊಳ್ಳೋಣ. ನಾಲ್ಕೂ ಗೆಲ್ಲುವ ಸಾಧ್ಯತೆ ಶೇ. 13 ಮಾತ್ರ. ‘ಈ ದಿನದ ನಾಲ್ಕು ಖಚಿತ ಗೆಲುವುಗಳು’ ಎಂದು ಮುಂಜಾನೆ ಅಚ್ಚಾಗುವ ಶೀರ್ಷಿಕೆ ಎಂಟು ದಿನಗಳಲ್ಲಿ ಏಳು ದಿನ ಸುಳ್ಳಾಗಲೇಬೇಕು. ಬೆಂಗಳೂರಿನಲ್ಲಿ ಸತತ ಐದು ಪಂದ್ಯಗಳ ವಿಜೇತರನ್ನು ಹೆಸರಿಸಬೇಕಾದ ಜಾಕ್‌ಪಾಟ್‌ಗೆ ಹಣ ಕಟ್ಟುವವರಿಗೆ ಈ ಸತ್ಯ ಅನುಭವದಿಂದಲೇ ಗೊತ್ತು.

ಇನ್ನೂ ಕುತೂಹಲದ ಸಂಗತಿಯೊಂದಿದೆ. ಗೋಲ್ಡನ್ ಏಸ್ ಗೆಲ್ಲಬಹುದೆಂಬ ಸುಳಿವು ಯಾರ ಕಣ್ಣಿಗೂ ಬೀಳದ ಮೂಲೆಯಲ್ಲೇನೂ ಅಡಗಿರಲಿಲ್ಲ. 2024ರ ಮಾರ್ಚ್‌ನಲ್ಲಿ ಇದೇ ಚೆಲ್ಟನ್‌ಹ್ಯಾಮ್‌ನಲ್ಲಿ, ಹೊಸ ಹೆಣ್ಣು ಕುದುರೆಗಳ ಪಂದ್ಯದಲ್ಲಿ ಅದು ಬ್ರೈಟರ್‌ಡೇಸ್‌ಅಹೆಡ್ ಎಂಬ ಕುದುರೆಯನ್ನು ಸೋಲಿಸಿತ್ತು. ವರ್ಷದ ನಂತರ ಚಾಂಪಿಯನ್ ಹರ್ಡಲ್‌ನಲ್ಲಿ ಕಾನ್‌ಸ್ಟಿಟ್ಯೂಷನ್ ಹಿಲ್‌ಗೆ ಪ್ರಬಲ ಪ್ರತಿಸ್ಪರ್ಧಿಯೆಂದು ಎಣಿಸಲಾಗಿದ್ದುದು ಅದೇ ಬ್ರೈಟರ್‌ಡೇಸ್‌ಅಹೆಡ್! ಸೋತವಳ ಮೇಲೆ ಹಣದ ಹೊಳೆ, ಗೆದ್ದವಳಿಗೆ ಒಂದಕ್ಕೆ 25. ಹಾಗೆಂದು ಗೋಲ್ಡನ್ ಏಸ್ ಎಲ್ಲರಿಗಿಂತ ಉತ್ತಮ ಕುದುರೆಯೆಂದು ಅಂದು ಸಾಬೀತಾಯಿತು ಎನ್ನಲಾಗದು. ಎರಡು ಕುದುರೆಗಳು ಬಿದ್ದಿದ್ದರಿಂದ ಅದು ಗೆದ್ದಿತು. ಆದರೆ ಅದಕ್ಕೆ ನಿಗದಿಯಾದ ದರ ಅದರ ನಿಜವಾದ ಯೋಗ್ಯತೆಗೆ ತಕ್ಕುದಾಗಿತ್ತೇ ಎಂಬ ಪ್ರಶ್ನೆಯನ್ನು ಪಂದ್ಯಕ್ಕೆ ಮೊದಲು ಕೇಳಿದವರು ವಿರಳ. ಭವಿಷ್ಯ ನುಡಿಯುವವರು ಎಡವುವುದು ಬಹುತೇಕ ಇಲ್ಲಿಯೇ.

ಅಂಕಿಗಳ ನಡುವಿನ ಅಕ್ಷರಗಳು

ಬೆಂಗಳೂರು, ಮೈಸೂರುಗಳ ರೇಸ್ ಕಂಡವರಿಗೆ ಈ ಬಗೆಯ ಓಟ ಅಪರಿಚಿತ. ಇಲ್ಲಿ ನಡೆಯುವುದು ಸಮತಟ್ಟು ಓಟ. ಐರ್ಲೆಂಡಿನ ಕಾರ್ಕ್ ಪ್ರಾಂತದಲ್ಲಿ 1752ರಲ್ಲಿ ಇಬ್ಬರು ಕುದುರೆ ಸವಾರರು ಬಟವಂಟ್ ಊರಿನ ಇಗರ್ಜಿಯಿಂದ ಡೊನರೈಲ್ ಊರಿನ ಇಗರ್ಜಿಗೆ, ಗೋಪುರದ ಗುರಿ ಹಿಡಿದು, ಹೊಲದ ಬೇಲಿ ಹಳ್ಳಗಳನ್ನು ಹಾರುತ್ತ ಪಂದ್ಯ ಕಟ್ಟಿಕೊಂಡು ಓಡಿದರೆಂಬುದು ಇದರ ಮೂಲಕಥೆ. ಗೋಪುರದ ಬೆನ್ನಟ್ಟುವಿಕೆ ಎಂಬರ್ಥದ ಸ್ಟೀಪಲ್‌ಚೇಸ್ ಎಂಬ ಹೆಸರು ಅಲ್ಲಿಂದ ಬಂದಿದೆ. ಬ್ರಿಟನ್ನಿನಲ್ಲಿ ಇಂದು ಇದರಲ್ಲಿ ಎರಡು ಬಗೆ. ಕನಿಷ್ಠ ಮೂರೂವರೆ ಅಡಿ ಎತ್ತರದ, ತಾಗಿದರೆ ಬಾಗುವ ಹರ್ಡಲ್‌ಗಳನ್ನು ಹಾರುವುದು ಒಂದು. ಕನಿಷ್ಠ ನಾಲ್ಕೂವರೆ ಅಡಿಯ ಗಟ್ಟಿ ಬೇಲಿಗಳನ್ನು ಹಾರುವುದು ಇನ್ನೊಂದು.

ಸಮತಟ್ಟು ಓಟದ ಕುದುರೆಯ ಹೆಸರಿನ ಮುಂದೆ ಸಾಮಾನ್ಯವಾಗಿ ಅಂಕಿಗಳಷ್ಟೇ ಇರುತ್ತವೆ: ಹಿಂದಿನ ಪಂದ್ಯಗಳಲ್ಲಿ ಪಡೆದ ಸ್ಥಾನಗಳು. ಬೇಲಿ ಹಾರುವ ಕುದುರೆಯ ಜಾತಕದಲ್ಲಿ ಅಕ್ಷರಗಳೂ ಇಣುಕುತ್ತವೆ. ಬಿದ್ದದ್ದಕ್ಕೆ ಎಫ್, ಸವಾರನನ್ನು ಬೀಳಿಸಿದ್ದಕ್ಕೆ ಯು, ದಣಿದ ಕುದುರೆಯನ್ನು ಸವಾರನೇ ನಿಲ್ಲಿಸಿದ್ದಕ್ಕೆ ಪಿ, ಹಾರಲು ನಿರಾಕರಿಸಿದ್ದಕ್ಕೆ ಆರ್, ಬಿದ್ದ ಮತ್ತೊಂದು ಕುದುರೆಗೆ ಸಿಕ್ಕಿ ಉರುಳಿದ್ದಕ್ಕೆ ಬಿ. ನಿಪುಣ ಓದುಗ ಮೊದಲು ನೋಡುವುದು ಇವನ್ನೇ. ಎಫ್ ಮತ್ತು ಬಿ ಎರಡೂ ಬೀಳುವಿಕೆಗಳೇ ಆದರೂ ಒಂದರಲ್ಲಿ ಕುದುರೆಯ ದೋಷವಿದೆ, ಇನ್ನೊಂದರಲ್ಲಿ ಇಲ್ಲ. ದಣಿದು ನಿಂತ ಕುದುರೆಗೆ ಅಂದಿನ ದೂರ ಒಗ್ಗದೆ ಹೋಗಿರಬಹುದು, ಕೆಸರು ಒಗ್ಗದೆ ಹೋಗಿರಬಹುದು. ಅಕ್ಷರವನ್ನು ಓದುವುದು ಸುಲಭ, ಅದರ ಹಿಂದಿನ ಕಾರಣವನ್ನು ಓದುವುದು ಕಷ್ಟ.

ಕೆಸರಿನ ಮಾತು ಬಂದದ್ದರಿಂದ ಹೇಳಲೇಬೇಕು. ಚಳಿಗಾಲದ ಈ ಓಟದಲ್ಲಿ ನೆಲದ ಸ್ಥಿತಿಯೇ ಅರ್ಧ ತೀರ್ಪು. ಗಟ್ಟಿ, ಹದ, ಮೆದು, ತೀರಾ ಭಾರ ಎಂದು ಮೈದಾನದ ಅಧಿಕಾರಿಗಳು ನೆಲಕ್ಕೆ ದರ್ಜೆ ಕೊಡುತ್ತಾರೆ. ಹದವಾದ ನೆಲದ ಮೇಲೆ ಚಿಮ್ಮಿ ಓಡುವ ಕುದುರೆ, ರಾತ್ರಿ ಸುರಿದ ಮಳೆಯಿಂದ ನೆಲ ಭಾರವಾದರೆ ಮರುದಿನ ಬೇರೆಯೇ ಪ್ರಾಣಿಯಾಗಿಬಿಡುತ್ತದೆ. ಹಿಂದಿನ ಸಂಜೆ ಬರೆದಿಟ್ಟ ಟಿಪ್ಸ್ ಬೆಳಗ್ಗೆ ಮಾರಾಟವಾಗುವ ವೇಳೆಗೆ ಹಳಸಿರುವ ಸಂಭವ ಇದರಿಂದಲೇ ಹೆಚ್ಚು. ಇದರ ಜೊತೆಗೆ ಮೈದಾನದ ತಿರುವು ಎಡಕ್ಕೋ ಬಲಕ್ಕೋ ಎಂಬುದು ಬೇರೆ. ಚೆಲ್ಟನ್‌ಹ್ಯಾಮ್, ಏನ್‌ಟ್ರಿಗಳಲ್ಲಿ ಎಡಕ್ಕೆ. ಆಸ್ಕಟ್, ಸ್ಯಾಂಡೌನ್, ಕೆಂಪ್ಟನ್‌ಗಳಲ್ಲಿ ಬಲಕ್ಕೆ. ಬೇಲಿ ಹಾರುವಾಗ ಒಂದೇ ಮಗ್ಗುಲಿಗೆ ವಾಲುವ ಕುದುರೆಗಳಿಗೆ ಇದು ಸಣ್ಣ ವಿಷಯವಲ್ಲ.

ತೂಕದ ಲೆಕ್ಕಾಚಾರ ಇನ್ನೂ ಸೂಕ್ಷ್ಮ. ಹ್ಯಾಂಡಿಕ್ಯಾಪ್ ಪಂದ್ಯಗಳಲ್ಲಿ ಉತ್ತಮ ಕುದುರೆಗೆ ಹೆಚ್ಚು ಭಾರ, ಸಾಧಾರಣ ಕುದುರೆಗೆ ಕಡಿಮೆ ಭಾರ ಹೊರಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಲು ಯತ್ನಿಸಲಾಗುತ್ತದೆ. ಇದರ ಅತ್ಯಂತ ಹೃದಯವಿದ್ರಾವಕ ಉದಾಹರಣೆ ಲಿವರ್‌ಪೂಲ್ ಬಳಿಯ ಏನ್‌ಟ್ರಿಯಲ್ಲಿ ನಡೆದ 1973ರ ಗ್ರ್ಯಾಂಡ್ ನ್ಯಾಷನಲ್. ಆಸ್ಟ್ರೇಲಿಯಾದ ಕ್ರಿಸ್ಪ್ ಎಂಬ ಕುದುರೆ ರೆಡ್ ರಮ್‌ಗಿಂತ 23 ಪೌಂಡ್, ಅಂದರೆ ಹತ್ತು ಕಿಲೋಗೂ ಹೆಚ್ಚು ತೂಕ ಹೊತ್ತು ಮೈಲಿಗಟ್ಟಲೆ ಮುಂದಿದ್ದು, ಕೊನೆಯ ಬೇಲಿ ದಾಟಿದ ಮೇಲಿನ 494 ಗಜದ ನೀಳ ಹಾದಿಯಲ್ಲಿ ಕಾಲು ಸೋತು, ಮುಕ್ಕಾಲು ಕುದುರೆಯುದ್ದದ ಅಂತರದಿಂದ ಸೋತಿತು. ಅಂದು ಕ್ರಿಸ್ಪ್ ಶ್ರೇಷ್ಠ ಕುದುರೆಯೆಂದವರದೂ ಸರಿ, ರೆಡ್ ರಮ್ ಗೆಲ್ಲುತ್ತದೆಂದವರದೂ ಸರಿ. ರೆಡ್ ರಮ್ 1974 ಮತ್ತು 1977ರಲ್ಲೂ ಗೆದ್ದು ದಂತಕಥೆಯಾಯಿತು.

ನಿಯಮ ಬದಲಾದರೆ ಜಾತಕವೂ ಬದಲು

ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ನಾಲ್ಕೂಕಾಲು ಮೈಲಿಗೂ ಹೆಚ್ಚು ದೂರ, 30 ಬೇಲಿಗಳು. 1967ರಲ್ಲಿ 23ನೆಯ ಬೇಲಿಯ ಬಳಿ ಕುದುರೆಗಳು ಒಂದರ ಮೇಲೊಂದು ರಾಶಿಬಿದ್ದಾಗ, ಬಹಳ ಹಿಂದಿದ್ದ ಕಾರಣಕ್ಕೇ ಪಾರಾದ ಫಾಯ್ನವನ್ ಒಂದಕ್ಕೆ ನೂರರ ದರದಲ್ಲಿ ಗೆದ್ದಿತು. ‘ಇದು ಲಾಟರಿ’ ಎಂಬ ಅಭಿಪ್ರಾಯಕ್ಕೆ ಅಂದಿನಿಂದ ಬಲ ಬಂತು. (1839ರ ಮೊದಲ ಅಧಿಕೃತ ಪಂದ್ಯ ಗೆದ್ದ ಕುದುರೆಯ ಹೆಸರೇ ಲಾಟರಿ ಎಂಬುದು ಕಾಕತಾಳೀಯ.)

ಆದರೆ ಈ ಅಭಿಪ್ರಾಯ ಈಗ ಮರುಪರಿಶೀಲನೆಗೆ ಯೋಗ್ಯ. 2023ರಲ್ಲಿ ಪ್ರಾಣಿದಯಾ ಹೋರಾಟಗಾರರು ಮೈದಾನಕ್ಕೆ ನುಗ್ಗಿ ಪಂದ್ಯವನ್ನು ತಡಮಾಡಿದರು. ಪೊಲೀಸರು ನೂರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಅದೇ ಪಂದ್ಯದ ಮೊದಲ ಬೇಲಿಯಲ್ಲಿ ಹಿಲ್ ಸಿಕ್ಸ್‌ಟೀನ್ ಎಂಬ ಕುದುರೆ ಬಿದ್ದು ಸತ್ತಿತು. ಜನಾಭಿಪ್ರಾಯದ ಒತ್ತಡಕ್ಕೆ ಮಣಿದ ಆಯೋಜಕರು 2024ರಿಂದ ಕುದುರೆಗಳ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿದರು. ಆರಂಭದ ಭರಾಟೆಯ ವೇಗ ತಗ್ಗಲೆಂದು ಮೊದಲ ಬೇಲಿಯನ್ನು ಹತ್ತಿರಕ್ಕೆ ತಂದರು. ಆ ವರ್ಷ ಒಂದು ಕುದುರೆಯೂ ಬೀಳಲಿಲ್ಲ. ಇದರ ಪರಿಣಾಮ ಭವಿಷ್ಯ ನುಡಿಯುವವರ ಮೇಲೂ ಆಗಿದೆ. 11 ಸ್ಟೋನ್, ಅಂದರೆ ಸುಮಾರು 70 ಕಿಲೋ ಮೀರಿ ಹೊತ್ತ ಕುದುರೆಯನ್ನು ನೆಚ್ಚಬಾರದೆಂಬುದು ಹಿಂದಿನ ತಲೆಮಾರಿನ ಟಿಪ್‌ಸ್ಟರ್‌ಗಳ ನೆಚ್ಚಿನ ಸೂತ್ರವಾಗಿತ್ತು. 2024ರಲ್ಲಿ ಐ ಆ್ಯಮ್ ಮ್ಯಾಕ್ಸಿಮಸ್, 2025ರಲ್ಲಿ ಒಂದಕ್ಕೆ 33ರ ದರದ ನಿಕ್ ರಾಕೆಟ್ ಗೆದ್ದದ್ದು ಆ ಮಿತಿಗಿಂತ ಹೆಚ್ಚು ಭಾರ ಹೊತ್ತೇ. ಅಪಘಾತ ಕಡಿಮೆಯಾದಷ್ಟೂ ಅದೃಷ್ಟದ ಪಾಲು ಕುಗ್ಗಿ ಗುಣಮಟ್ಟದ ಪಾಲು ಹಿಗ್ಗುವುದು ಸಹಜ. ಎರಡು ವರ್ಷದ ಫಲಿತಾಂಶದಿಂದ ಸಿದ್ಧಾಂತ ಕಟ್ಟುವುದು ಅವಸರವಾದೀತು, ನಿಜ. ಹಳೆಯ ಸೂತ್ರವನ್ನು ಕಣ್ಣುಮುಚ್ಚಿ ಒಪ್ಪುವುದು ಅದಕ್ಕಿಂತ ದೊಡ್ಡ ತಪ್ಪು. 2025ರಲ್ಲಿ ಮೊದಲ ಮೂರೂ ಸ್ಥಾನಗಳು ಐರ್ಲೆಂಡಿನ ತರಬೇತುದಾರ ವಿಲ್ಲಿ ಮಲ್ಲಿನ್ಸ್ ಅವರ ಲಾಯದ ಕುದುರೆಗಳಿಗೇ ಸಂದವು ಎಂಬ ಅಂಶವನ್ನು ಯಾವ ಸೂತ್ರವೂ ಕಡೆಗಣಿಸುವಂತಿಲ್ಲ.

ಗೆಲ್ಲುವ ಕುದುರೆ ಬೇರೆ, ಗೆಲ್ಲುವ ಪಣ ಬೇರೆ

ರೇಸ್ ಪುಟಗಳಲ್ಲಿ ಅಚ್ಚಾಗುವ ಬಹುತೇಕ ಟಿಪ್ಸ್ ಉತ್ತರಿಸುವುದು ‘ಯಾವುದು ಗೆಲ್ಲುತ್ತದೆ?’ ಎಂಬ ಪ್ರಶ್ನೆಗೆ. ಹಣ ಕಟ್ಟುವವನಿಗೆ ಬೇಕಾದ ಉತ್ತರ ಅದಲ್ಲ. ಒಂದು ಕುದುರೆಗೆ ಐದರಲ್ಲಿ ಒಂದು ಪಾಲು ಗೆಲ್ಲುವ ಅವಕಾಶವಿದೆಯೆನ್ನೋಣ. ಅಂಥ ಕುದುರೆಗಳ ಮೇಲೆ ತಲಾ ನೂರು ರೂಪಾಯಿಯಂತೆ ಹತ್ತು ಬಾರಿ ಕಟ್ಟಿದರೆ ಸರಾಸರಿ ಎರಡು ಬಾರಿ ಗೆಲುವು. ದರ ಒಂದಕ್ಕೆ ಆರಿದ್ದರೆ ಸಾವಿರ ಹಾಕಿದವನಿಗೆ 1,400 ಮರಳುತ್ತದೆ. ಒಂದಕ್ಕೆ ಮೂರಿದ್ದರೆ ಬರೇ 800. ಕುದುರೆ ಅದೇ, ತೀರ್ಮಾನವೂ ಅದೇ. ಲಾಭ ನಷ್ಟವನ್ನು ನಿರ್ಧರಿಸಿದ್ದು ದರ. ಲಾಭದ ದರದಲ್ಲೇ ಕಟ್ಟಿದರೂ ಅಂಥ ಕುದುರೆಗಳಲ್ಲಿ ಹತ್ತೂ ಸತತವಾಗಿ ಸೋಲುವ ಸಾಧ್ಯತೆ ಶೇ. 11ರಷ್ಟಿದೆ. ಅಷ್ಟು ಹೊತ್ತಿಗೆ ಹೆಚ್ಚಿನವರ ಕಿಸೆಯೂ ತಾಳ್ಮೆಯೂ ಬರಿದಾಗಿರುತ್ತವೆ.

ಬುಕ್ಕಿಯ ಪಾಲು ಈ ದರದಲ್ಲೇ ಅಡಗಿದೆ. ಐದು ಕುದುರೆಗಳಿಗೆ ಒಂದಕ್ಕೆ ಎರಡು, ಮೂರು, ನಾಲ್ಕು, ಐದು, ಆರು ಎಂದು ದರ ಹಾಕಿದ್ದಾನೆನ್ನಿ. ಇವನ್ನು ಶೇಕಡಾವಾರು ಸಾಧ್ಯತೆಗೆ ಇಳಿಸಿ ಕೂಡಿದರೆ ನೂರಾಗಬೇಕಾದ ಮೊತ್ತ 109 ದಾಟುತ್ತದೆ. ಹೆಚ್ಚುವರಿ ಒಂಬತ್ತು ಅವನ ಅನ್ನ. ಟಿಪ್‌ಸ್ಟರ್ ಈ ಒಂಬತ್ತನ್ನು ಮೀರುವಷ್ಟು ಬಲ್ಲವನಾಗಿದ್ದರೆ ಮಾತ್ರ ಅವನ ಮಾತಿಗೆ ಬೆಲೆ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಟೀಫನ್ ಫಿಗ್‌ಲೆವ್‌ಸ್ಕಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪತ್ರಿಕೆಗಳ ಟಿಪ್ಸ್‌ನಲ್ಲಿ ನಿಜವಾದ ಮಾಹಿತಿ ಇದೆಯೆಂದೂ, ಆದರೆ ಆ ಮಾಹಿತಿ ಅದಾಗಲೇ ದರದಲ್ಲಿ ಬಹುಪಾಲು ಸೇರಿಹೋಗಿರುತ್ತದೆಂದೂ ತೋರಿಸಿದರು. ಎಲ್ಲರೂ ಓದಿದ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ದರ ನಿಜಕ್ಕೂ ತಪ್ಪಿದ್ದಾಗ ಅದನ್ನು ಪತ್ತೆಹಚ್ಚಬಲ್ಲ ಕೆಲವರಿಗೆ ಬ್ರಿಟನ್ನಿನ ಆನ್‌ಲೈನ್ ಬುಕ್ಕಿಗಳು ಖಾತೆಯ ಮಿತಿಯನ್ನು ಕೆಲವೇ ಪೌಂಡ್‌ಗಳಿಗೆ ಇಳಿಸಿಬಿಡುತ್ತಾರೆಂಬುದು ಅಲ್ಲಿನ ಪಂಟರ್‌ಗಳ ಬಹುಕಾಲದ ದೂರು.

ಹಾಗಾದರೆ ಸತತವಾಗಿ ಸರಿ ಹೇಳಿದವರ ಕಥೆ ಏನು? ಬ್ರಿಟನ್ನಿನ ಮಾಂತ್ರಿಕ ಡೆರೆನ್ ಬ್ರೌನ್ 2008ರಲ್ಲಿ ಚಾನೆಲ್ 4ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಸಾಮಾನ್ಯ ಮಹಿಳೆಯೊಬ್ಬರಿಗೆ ಅನಾಮಿಕವಾಗಿ ಬಂದ ಟಿಪ್ಸ್ ಒಂದರ ಹಿಂದೊಂದರಂತೆ ಐದು ಬಾರಿ ಫಲಿಸಿತು. ಆಕೆಗೆ ಅದು ದೈವವಾಣಿಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ನಡೆದದ್ದು ಇಷ್ಟೇ: ಆರು ಕುದುರೆಗಳ ಪಂದ್ಯಕ್ಕೆ 7,776 ಮಂದಿಯನ್ನು ಆರು ಗುಂಪು ಮಾಡಿ, ಪ್ರತಿ ಗುಂಪಿಗೆ ಒಂದೊಂದು ಕುದುರೆಯ ಹೆಸರು ಕಳಿಸಲಾಗಿತ್ತು. ಸೋತವರನ್ನು ಕೈಬಿಟ್ಟು ಗೆದ್ದ 1,296 ಮಂದಿಯನ್ನು ಮತ್ತೆ ಆರು ಪಾಲು ಮಾಡಲಾಯಿತು. ಐದನೆಯ ಸುತ್ತು ಮುಗಿದಾಗ ಉಳಿದವರು ಆಕೆ ಒಬ್ಬರೇ. ಸೋತ 7,775 ಮಂದಿಯ ಸುದ್ದಿ ಆಕೆಗೆ ಗೊತ್ತಿರಲಿಲ್ಲ. ಅಂದು ಇಷ್ಟು ಜನರನ್ನು ತಲುಪಲು ಟಿವಿ ವಾಹಿನಿಯ ಬಲ ಬೇಕಾಗಿತ್ತು. ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳ ಈ ಕಾಲದಲ್ಲಿ ಒಂದು ಮೊಬೈಲ್ ಸಾಕು. ಗೆದ್ದ ಚೀಟಿಯ ಚಿತ್ರ ಹಂಚಿ, ಸೋತ ದಿನದ ಸಂದೇಶ ಅಳಿಸಿ, ‘ನಾಳೆಯ ಖಚಿತ ಟಿಪ್’ಗೆ ಶುಲ್ಕ ಕೇಳುವ ವ್ಯವಹಾರಕ್ಕೆ ಕುದುರೆಯ ಜ್ಞಾನವೇ ಬೇಡ.

ಬ್ರಿಟನ್ನಿನ ತೆರಿಗೆ, ಭಾರತದ ತೆರಿಗೆ

ಈ ಜೂಜಿನ ಮೇಲೆ ಬದುಕುವ ಉದ್ಯಮಕ್ಕೆ ಬ್ರಿಟನ್ನಿನಲ್ಲಿ 2025 ಆತಂಕದ ವರ್ಷವಾಗಿತ್ತು. 30 ದಿನಗಳಲ್ಲಿ 150 ಪೌಂಡ್‌ಗಿಂತ ಹೆಚ್ಚು ನಿವ್ವಳ ಹಣ ಜಮೆ ಮಾಡುವವರ ಆರ್ಥಿಕ ದುಃಸ್ಥಿತಿಯ ಸುಳಿವುಗಳನ್ನು ಬುಕ್ಕಿಗಳು ಪರಿಶೀಲಿಸಬೇಕೆಂಬ ನಿಯಮ ಫೆಬ್ರವರಿಯಲ್ಲಿ ಜಾರಿಗೆ ಬಂತು. ರೇಸ್ ಪಣಕ್ಕೂ ಆನ್‌ಲೈನ್ ಕ್ಯಾಸಿನೊಗೂ ಒಂದೇ ತೆರಿಗೆ ವಿಧಿಸುವ ಪ್ರಸ್ತಾವವನ್ನು ಪ್ರತಿಭಟಿಸಿ ಸೆಪ್ಟೆಂಬರ್ 10ರಂದು ಉದ್ಯಮ ಒಂದು ದಿನ ಓಟಗಳನ್ನೇ ನಿಲ್ಲಿಸಿತು. ಅಂತಿಮವಾಗಿ ನವೆಂಬರ್‌ನ ಮುಂಗಡಪತ್ರದಲ್ಲಿ ಆನ್‌ಲೈನ್ ಕ್ಯಾಸಿನೊ ಆಟಗಳ ತೆರಿಗೆಯನ್ನು 2026ರ ಏಪ್ರಿಲ್‌ನಿಂದ ಶೇ. 21ರಿಂದ 40ಕ್ಕೆ ಏರಿಸಲಾಯಿತು. ಕುದುರೆ ಪಣದ ತೆರಿಗೆ ಶೇ. 15ರಲ್ಲೇ ಉಳಿಯಿತು. ಕುದುರೆಗೆ ಬುದ್ಧಿ ಖರ್ಚು ಮಾಡಬೇಕು, ಕ್ಯಾಸಿನೊ ಚಕ್ರಕ್ಕೆ ಬೇಡ ಎಂಬ ವಾದ ಅಲ್ಲಿ ಗೆದ್ದಿತೆನ್ನಬಹುದು.

ಇದೇ ವಾದವನ್ನು ಭಾರತದ ಸುಪ್ರೀಂ ಕೋರ್ಟ್ ಎಷ್ಟೋ ಮೊದಲೇ ಎತ್ತಿಹಿಡಿದಿದೆ. ಡಾ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ 1996ರ ಜನವರಿ 12ರಂದು ನೀಡಿದ ತೀರ್ಪು, ಕುದುರೆ ಓಟ ಪ್ರಧಾನವಾಗಿ ಕೌಶಲದ ಆಟವೆಂದು ಸಾರಿತು. ಬೆಂಗಳೂರು ಸೇರಿದಂತೆ ದೇಶದ ಟರ್ಫ್ ಕ್ಲಬ್‌ಗಳು ಇಂದಿಗೂ ಆಶ್ರಯಿಸಿರುವುದು ಈ ತೀರ್ಪನ್ನೇ. ಆದರೆ ತೆರಿಗೆ ಕಾನೂನು ಈ ಭೇದವನ್ನು ಮಾನ್ಯ ಮಾಡಿಲ್ಲ. 2023ರ ಅಕ್ಟೋಬರ್ 1ರಿಂದ ಕ್ಯಾಸಿನೊ, ಆನ್‌ಲೈನ್ ಗೇಮಿಂಗ್, ಕುದುರೆ ಓಟ ಮೂರಕ್ಕೂ ಪಣದ ಪೂರ್ತಿ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40 ಆಯಿತು.

ಎರಡು ದೇಶಗಳ ಅಂತರವಿರುವುದು ಶೇಕಡಾವಾರಿನಲ್ಲಿ ಮಾತ್ರವಲ್ಲ. ಬ್ರಿಟನ್ನಿನ ಶೇ. 15 ಬೀಳುವುದು ಬುಕ್ಕಿಯ ಗಳಿಕೆಯ ಮೇಲೆ. ಪಂಟರ್ ನೇರವಾಗಿ ತೆರುತ್ತಿದ್ದ ತೆರಿಗೆ ಅಲ್ಲಿ 2001ರಲ್ಲೇ ರದ್ದಾಗಿದೆ. ಭಾರತದ ಶೇ. 40 ಬೀಳುವುದು ಪಣದ ಮೇಲೆ. ನೂರರ ಪಣಕ್ಕೆ ತೆರಿಗೆ ಸೇರಿ 140 ತೆತ್ತ ಪಂಟರ್‌ನ ಲೆಕ್ಕಕ್ಕೆ ಮೇಲಿನ ಉದಾಹರಣೆಯನ್ನೇ ಅನ್ವಯಿಸಬಹುದು. ಒಂದಕ್ಕೆ ಆರರ ದರದಲ್ಲಿ ಹತ್ತು ಬಾರಿ ಕಟ್ಟಿ, ಎರಡು ಬಾರಿ ಗೆದ್ದು 1,400 ಪಡೆದವನು ತೆತ್ತಿರುವುದೂ 1,400! ಮಾರುಕಟ್ಟೆಗಿಂತ ಅಷ್ಟೊಂದು ಚೆನ್ನಾಗಿ ಕುದುರೆಯನ್ನು ಬಲ್ಲವನಿಗೂ ದಕ್ಕಿದ್ದು ಸೊನ್ನೆ. ಗೆದ್ದ ಹಣದ ಮೇಲೆ ಶೇ. 30 ಆದಾಯ ತೆರಿಗೆ ಬೇರೆ. ಕೌಶಲದ ಆಟವೆಂದು ನ್ಯಾಯಾಲಯ ಒಪ್ಪಿದ ಆಟದಲ್ಲಿ ಕೌಶಲಕ್ಕೆ ಪ್ರತಿಫಲವೇ ಸಿಗದಂತೆ ತೆರಿಗೆ ಮಾಡಿದೆ. ಜೂಜನ್ನು ತಗ್ಗಿಸುವುದೇ ಸರ್ಕಾರದ ಉದ್ದೇಶವಾಗಿದ್ದರೆ ಅದನ್ನು ಸಮರ್ಥಿಸಿಕೊಳ್ಳಬಹುದು. ಆದರೆ ರಸೀದಿಯಿಲ್ಲದೆ, ತೆರಿಗೆಯಿಲ್ಲದೆ ಪಣ ಒಪ್ಪಿಕೊಳ್ಳುವ ಅಕ್ರಮ ಬುಕ್ಕಿಯ ಬಾಗಿಲು ಅದೇ ಪಂಟರ್‌ಗೆ ಸದಾ ತೆರೆದಿದೆ, ಮತ್ತು ಆ ಬಾಗಿಲಿನ ಆಚೆ ಲೆಕ್ಕಪತ್ರವಾಗಲೀ ದೂರು ಕೊಡುವ ಅವಕಾಶವಾಗಲೀ ಇಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟವೆಂಬ ಭೇದವಿಲ್ಲದೆ ನಿಷೇಧಿಸಿದೆ. ಅವುಗಳ ಜಾಹೀರಾತಿಗೂ ಶಿಕ್ಷೆಯಿದೆ. ಟಿಪ್ಸ್ ಮಾರುವವನು ಮಾತ್ರ ತಾನು ಆಟ ಆಡಿಸುತ್ತಿಲ್ಲ, ಅಭಿಪ್ರಾಯ ಹೇಳುತ್ತಿದ್ದೇನೆ ಎನ್ನುತ್ತಾನೆ. ಷೇರು ಪೇಟೆಯಲ್ಲಿ ಶುಲ್ಕ ಪಡೆದು ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಕೊಟ್ಟ ಸಲಹೆಗಳ ದಾಖಲೆ ಇಡಬೇಕು. ನಾಳೆಯ ಐದು ಪಂದ್ಯಗಳ ಖಚಿತ ವಿಜೇತರನ್ನು ಮುಂಗಡ ಹಣ ಪಡೆದು ಹೇಳುವವನು, ನಿನ್ನೆ ಹೇಳಿದ ಐದರಲ್ಲಿ ಎಷ್ಟು ಬಿದ್ದವೆಂಬುದನ್ನು ಗಿರಾಕಿಗೆ ತಾನಾಗಿ ತೋರಿಸುವುದಿಲ್ಲ.